ಓಡದ ಮೀನು

ಮಕ್ಕಳೇ, ಕಾಡಿನ ಅಂಚಿನಲ್ಲಿ ಒಂದು ದೊಡ್ಡ ಕೆರೆ ಇತ್ತು. ಅದರ ಮೇಲ್ದಂಡೆಗೆ ಗುಡ್ಡದ ತೊರೆ ಬಂದು ಸೇರುತ್ತಿತ್ತು. ಅಲ್ಲಿ ನೀರು ತಿಳಿ. ಕೆಳದಂಡೆಗೆ ಮನುಷ್ಯರ ಬಣ್ಣದ ಕಾರ್ಖಾನೆಯಿಂದ ಒಂದು ಮೋರಿ ಬಂದು ಬೀಳುತ್ತಿತ್ತು. ಅಲ್ಲಿ ನೀರು ಒಂದು ದಿನ ಕೆಂಪು, ಇನ್ನೊಂದು ದಿನ ನೀಲಿ, ಮೇಲೆ ಸದಾ ನೊರೆ. ಬಣ್ಣ ಅಂದಕೂಡಲೇ ಖುಷಿಪಡಬೇಡಿ. ಮೂಗಿದ್ದವರು ಯಾರೂ ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಆ ಕೆರೆಯ ಪಕ್ಕದ ಅತ್ತಿಮರದಲ್ಲಿ ಉದ್ದಪ್ಪ ಎಂಬ ಕೊಕ್ಕರೆ ಹೆಂಡತಿ ಗರಿಯಮ್ಮನ ಜೊತೆ ಸಂಸಾರ ಹೂಡಿದ್ದ. ಅವರಿಗೆ ಒಂದೇ ಮರಿ, ಹೆಸರು ಚುಂಚು. ಅದಿನ್ನೂ ಅಮ್ಮ ತಂದ ಮಿಡತೆ, ಹುಳು ತಿನ್ನುತ್ತಿತ್ತು. ಆ ಕೆರೆಯ ಕೊಕ್ಕರೆಗಳಲ್ಲಿ ಒಂದು ಪದ್ಧತಿ. ಮರಿಯ ರೆಕ್ಕೆ ಬಲಿತ ಮೇಲೆ ಅಪ್ಪ ನೆರೆಹೊರೆಯವರನ್ನೆಲ್ಲ ಕರೆದು, ಒಂಟಿಕಾಲಲ್ಲಿ ನಿಂತು, ತಾನೇ ಹಿಡಿದ ಮೀನನ್ನು ಮರಿಯ ಬಾಯಿಗಿಡಬೇಕು. ಅದೇ ಮರಿ ತಿನ್ನುವ ಮೊದಲ ಮೀನು. ಮೀನು ದೊಡ್ಡದಾದಷ್ಟೂ ಅಪ್ಪನ ಮರ್ಯಾದೆ ದೊಡ್ಡದು.

ಉದ್ದಪ್ಪ ಹುಟ್ಟಿನಿಂದ ಕೊಕ್ಕರೆ, ಬುದ್ಧಿಯಿಂದ ಜಂಬದ ಕೋಳಿ. ಮೇಲ್ದಂಡೆಯ ಮೀನುಗಳೋ ಬಲು ಚುರುಕು. ಬೆಳಗಿನಿಂದ ಕಾದರೂ ಬೆರಳುದ್ದದ ಒಂದು ಸಿಕ್ಕರೆ ಪುಣ್ಯ. ಬೇಸತ್ತ ಉದ್ದಪ್ಪ ಒಂದು ದಿನ ಕೆಳದಂಡೆಗೆ ಹೋದ. ಅಲ್ಲಿ ಮೀನುಗಳು ಓಡಲೇ ಇಲ್ಲ. ನೊರೆಯ ನಡುವೆ ಮಗ್ಗುಲಾಗಿ ತೇಲುತ್ತಾ ಅವನನ್ನೇ ನೋಡಿದವು. ಕೊಕ್ಕು ಹಾಕಿದ, ಸಿಕ್ಕಿತು. ಮತ್ತೆ ಹಾಕಿದ, ಮತ್ತೆ ಸಿಕ್ಕಿತು.

"ನನ್ನ ನೆರಳು ಬಿದ್ದರೆ ಸಾಕು ಕಣೇ, ಮೀನು ಹೆದರಿ ಮರಗಟ್ಟಿ ಹೋಗುತ್ತೆ," ಎಂದು ಮನೆಗೆ ಬಂದು ಹೆಂಡತಿಯ ಮುಂದೆ ಕೊಚ್ಚಿಕೊಂಡ.

"ನಿನ್ನೆಯವರೆಗೆ ಹೆದರ್ತಿರಲಿಲ್ಲವಲ್ಲ," ಎಂದಳು ಗರಿಯಮ್ಮ.

"ನಿನ್ನೆಯವರೆಗೆ ಅವು ನನ್ನನ್ನ ಸರಿಯಾಗಿ ನೋಡಿರಲಿಲ್ಲ."

ಅಂದಿನಿಂದ ಉದ್ದಪ್ಪನ ಊಟವೆಲ್ಲ ಕೆಳದಂಡೆಯಲ್ಲೇ. ದಾರಿಯಲ್ಲಿ ಜಾರಕ್ಕ ಎಂಬ ನೀರುನಾಯಿ ಸಿಗುತ್ತಿದ್ದಳು. ಒಂದು ಮೀನಿಗಾಗಿ ಅರ್ಧ ಕೆರೆ ಸುತ್ತಿ ಏದುಸಿರು ಬಿಡುತ್ತಿದ್ದ ಅವಳನ್ನು ನೋಡಿದರೆ ಇವನಿಗೆ ನಗು.

"ಜಾರಕ್ಕ, ಯಾಕಿಷ್ಟು ಒದ್ದಾಟ? ಕೆಳದಂಡೆಗೆ ಬಾ. ಅಲ್ಲಿ ಮೀನುಗಳೇ ಬಂದು ಬಾಯಿಗೆ ಬೀಳ್ತವೆ."

"ಬೇಡಪ್ಪ. ಓಡದ ಮೀನು ತಿನ್ನಬೇಡ ಅಂತ ನಮ್ಮಜ್ಜಿ ಹೇಳಿದ್ದಾಳೆ."

"ಯಾಕಂತೆ?"

"ಅದನ್ನ ಕೇಳೋ ಮೊದಲೇ ಅಜ್ಜಿ ಹೋಗಿಬಿಟ್ಟಳು. ಆದರೂ ಅಜ್ಜಿ ಮಾತು ಅಲ್ವಾ."

"ಕೈಗೆಟುಕದ ದ್ರಾಕ್ಷಿ ಹುಳಿ," ಎಂದು ನಕ್ಕು ಉದ್ದಪ್ಪ ಹಾರಿಹೋದ. ಹಾರುವಾಗ ಹೊಂಗೆ ಮರಕ್ಕೆ ಡಿಕ್ಕಿ ಹೊಡೆದ. ಮರ ನಿನ್ನೆ ಅಲ್ಲಿರಲಿಲ್ಲ ಎಂದು ಸಮಾಧಾನ ಹೇಳಿಕೊಂಡ.

ದಿನ ಕಳೆದಂತೆ ಅವನ ರೆಕ್ಕೆ ನಡುಗತೊಡಗಿತು, ಕಣ್ಣು ಮಂಜಾಯಿತು. ಒಂಟಿಕಾಲಲ್ಲಿ ನಿದ್ದೆ ಮಾಡಲು ಹೋಗಿ ಗೂಡಿನಿಂದ ಕೆಳಗೆ ಬಿದ್ದ. "ಕೊಂಬೆ ಸೊಟ್ಟ," ಎಂದ. ದಂಡೆಯ ಮೇಲೆ ಬಿದ್ದ. "ಕೆಸರು ಜಾರುತ್ತೆ," ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ನೆಲ, ಮರ, ಗಾಳಿ ಎಲ್ಲವನ್ನೂ ಡೊಂಕು ಮಾಡಿಬಿಟ್ಟ. ಗರಿಯಮ್ಮನಿಗೆ ಮಾತ್ರ ಒಳಗೊಳಗೇ ಭಯ.

ಅಷ್ಟರಲ್ಲಿ ಚುಂಚುವಿನ ಮೊದಲ ಮೀನಿನ ದಿನ ಬಂತು. ಉದ್ದಪ್ಪ ಕೆಳದಂಡೆಯಿಂದ ತನ್ನ ಕಾಲಿನಷ್ಟು ಉದ್ದದ ಬಾಳೆಮೀನನ್ನು ಎಳೆದು ತಂದು ತಾವರೆ ಎಲೆಯ ಮೇಲೆ ಮಲಗಿಸಿದ. ಕಪ್ಪೆಗಳು ಬಂದವು, ಜಾರಕ್ಕ ಬಂದಳು, ಮುದಿ ಆಮೆ ಚಿಪ್ಪಜ್ಜ ಎಲ್ಲರಿಗಿಂತ ಮೊದಲು ಹೊರಟು ಎಲ್ಲರಿಗಿಂತ ಕೊನೆಗೆ ಬಂದ. ಚುಂಚು ಬೆಳಗಿನಿಂದ ಉಪವಾಸವಿದ್ದು ಬಾಯಿ ತೆರೆದುಕೊಂಡೇ ಕೂತಿತ್ತು.

ಉದ್ದಪ್ಪ ಒಂದು ಕಾಲೆತ್ತಿದ. ಧೊಪ್ಪನೆ ಬಿದ್ದ. ಎದ್ದು ಇನ್ನೊಂದು ಕಾಲೆತ್ತಿದ. ಈ ಸಲ ಕಪ್ಪೆಗಳ ಮೇಲೆ ಬಿದ್ದ. ಕೊನೆಗೆ ಮರಕ್ಕೆ ಒರಗಿ ನಿಂತು, ಮೀನನ್ನು ಕಚ್ಚಿ, ಮರಿಯ ಬಾಯಿ ಎಂದುಕೊಂಡು ಚಿಪ್ಪಜ್ಜನ ಚಿಪ್ಪಿನೊಳಗೆ ತುರುಕಹೋದ.

"ನನ್ನ ಮೊದಲ ಮೀನು ಆಗಿ ಬಹಳ ವರ್ಷ ಆಯ್ತಪ್ಪ," ಎಂದ ಒಳಗಿನಿಂದ ಅಜ್ಜ.

ಎಲ್ಲರೂ ನಕ್ಕರು. ಗರಿಯಮ್ಮ ನಗಲಿಲ್ಲ. ಉದ್ದಪ್ಪ ತಡಕಾಡಿ, ಅಂತೂ ಮೀನಿನ ತಲೆಯನ್ನು ಮರಿಯ ಬಾಯಿಯ ಹತ್ತಿರ ತಂದ. ಅಷ್ಟರಲ್ಲಿ ಪೊದೆ ಅಲ್ಲಾಡಿ ನರಿ ಹೊರಗೆ ಬಂತು.

ಕಪ್ಪೆಗಳು ನೀರಿಗೆ ಹಾರಿದವು. ಜಾರಕ್ಕ ಮುಳುಗಿದಳು. ಗರಿಯಮ್ಮ ಮರಿಯನ್ನು ಕೊಂಬೆಗೆ ಹತ್ತಿಸಿ ತಾನೂ ಹಾರಿದಳು. ಉದ್ದಪ್ಪ ಹಾರಲು ನೋಡಿದ, ರೆಕ್ಕೆ ಏಳಲಿಲ್ಲ. ಓಡಲು ನೋಡಿದ, ಕಾಲು ಬರಲಿಲ್ಲ. ಮೀನಿನ ಪಕ್ಕದಲ್ಲೇ ಮಗ್ಗುಲಾಗಿ ಬಿದ್ದುಕೊಂಡು ನರಿಯನ್ನೇ ನೋಡಿದ.

ನರಿ ಮೀಸೆ ತಿರುವಿತು. "ನೋಡಿದ್ರಾ? ನನ್ನ ನೆರಳು ಬಿದ್ದರೆ ಸಾಕು, ಕೊಕ್ಕರೆ ಹೆದರಿ ಮರಗಟ್ಟಿ ಹೋಗುತ್ತೆ."

ಈ ಮಾತು ಎಲ್ಲೋ ಕೇಳಿದಂತಿದೆಯಲ್ಲ ಎನಿಸಿತು ಉದ್ದಪ್ಪನಿಗೆ. ಮರುಕ್ಷಣ ಎಲ್ಲಿ ಎಂದು ನೆನಪಾಯಿತು.

"ನರಿಯಪ್ಪ," ಚಿಪ್ಪಿನೊಳಗಿಂದ ಅಜ್ಜನ ಸ್ವರ ಬಂತು. "ಹೆದರಿದವರು ಓಡ್ತಾರೆ. ನಾನು ನಡೆಯಲಾರದವನು, ನಾನೂ ಒಳಗೆ ಓಡಿದೆ. ಇವನು ಯಾಕೆ ಓಡಲಿಲ್ಲ ಅಂತ ಒಂದು ಸಲ ಯೋಚನೆ ಮಾಡು."

ನರಿ ಉದ್ದಪ್ಪನನ್ನು ಮೂಸಿತು. ಮೀನನ್ನೂ ಮೂಸಿತು. ಎರಡರಲ್ಲೂ ಒಂದೇ ವಾಸನೆ.

"ಥೂ, ಕೆಳದಂಡೆಯ ಮೋರಿ," ಎಂದು ಮುಖ ಕಿವಿಚಿತು. "ನನ್ನ ಮನೇಲೂ ಮರಿಗಳಿವೆಯಪ್ಪ. ಇಂಥದ್ದನ್ನ ಒಯ್ದರೆ ನನ್ನ ಹೆಂಡತಿ ನನ್ನನ್ನೇ ಹೊರಗೆ ಹಾಕ್ತಾಳೆ." ಹೀಗೆಂದು ಬಾಲ ತಿರುಗಿಸಿ ಹೊರಟುಹೋಯಿತು.

ಜೀವ ಉಳಿಯಿತು, ಮರ್ಯಾದೆ ಹೋಯಿತು. ತಿನ್ನಲಿಕ್ಕೂ ಲಾಯಕ್ಕಿಲ್ಲ ಎಂದು ನರಿಯಿಂದ ಅನ್ನಿಸಿಕೊಂಡ ಕೊಕ್ಕರೆ ಆ ಕಾಡಿನಲ್ಲಿ ಅವನೊಬ್ಬನೇ. ಚಿಪ್ಪಜ್ಜ ಹೊರಗೆ ತಲೆ ಹಾಕಿ ಮೆಲ್ಲಗೆ ಹೇಳಿದ, "ಮೋರಿಯ ವಿಷ ಪಾಚಿಗೆ ಹೋಯ್ತು. ಪಾಚಿಯನ್ನ ಸಣ್ಣ ಮೀನು ತಿಂತು. ಅಂಥ ಸಣ್ಣ ಮೀನು ಎಷ್ಟನ್ನೋ ಈ ಬಾಳೆಮೀನು ನುಂಗ್ತು. ಇಂಥವನ್ನ ದಿನಾ ನೀನು ನುಂಗಿದೆ. ಆ ಮೀನು ನಿನಗೆ ಹೆದರಿರಲಿಲ್ಲ ಉದ್ದಪ್ಪ, ಅದಕ್ಕೆ ಕಾಯಿಲೆ ಆಗಿತ್ತು."

ಚುಂಚು ಕೊಂಬೆಯಿಂದ ಇಳಿದು ಬಂದು ಮತ್ತೆ ಬಾಯಿ ತೆರೆಯಿತು. "ಅಪ್ಪ, ನನ್ನ ಮೀನು?"

ಉದ್ದಪ್ಪನಿಗೆ ಆಗ ಅರ್ಥವಾಯಿತು. ನರಿ ಬರುವುದು ಇನ್ನೊಂದು ಕ್ಷಣ ತಡವಾಗಿದ್ದರೆ ತನ್ನ ಕೈಯಾರೆ ಮಗನಿಗೆ ವಿಷ ಉಣಿಸುತ್ತಿದ್ದ. ಇದ್ದಬದ್ದ ಬಲವೆಲ್ಲ ಹಾಕಿ ತೆವಳಿ ಹೋಗಿ ಮೀನಿನ ಮೇಲೆ ಮಲಗಿಬಿಟ್ಟ. "ಇದು ಬೇಡ ಮಗನೇ. ಇದನ್ನ ಯಾರೂ ಮುಟ್ಟಬೇಡಿ," ಎಂದು ಅತ್ತ. ಜಾರಕ್ಕ ಕೆರೆಯಿಂದ ದೂರದಲ್ಲಿ ಗುಂಡಿ ತೋಡಿ ಅದನ್ನು ಹೂತಳು.

ಮುಂದೆ ಬಹಳ ದಿನ ಗರಿಯಮ್ಮ ಮಿಡತೆ ತಂದು ಅಪ್ಪ ಮಗ ಇಬ್ಬರಿಗೂ ಉಣಿಸಿದಳು. ಉದ್ದಪ್ಪ ಪೂರ್ತಿ ಮೊದಲಿನಂತಾಗಲಿಲ್ಲ. ಒಂಟಿಕಾಲಲ್ಲಿ ನಿಂತರೆ ಈಗಲೂ ಸ್ವಲ್ಪ ವಾಲುತ್ತಾನೆ. ಆದರೂ ಒಂದು ದಿನ ಮೇಲ್ದಂಡೆಯಿಂದ ಮೈಯೆಲ್ಲ ಕೆಸರಾಗಿ ಏದುಸಿರು ಬಿಡುತ್ತಾ ಬಂದ. ಕೊಕ್ಕಿನಲ್ಲಿ ಬೆರಳುದ್ದದ ಒಂದು ಮೀನು ಪಟಪಟ ಒದ್ದಾಡುತ್ತಿತ್ತು. ಈ ಸಲ ನೆರೆಹೊರೆಯವರನ್ನು ಕರೆಯಲಿಲ್ಲ.

ಚುಂಚು ಬಾಯಿ ತೆರೆಯುವ ಮೊದಲು ಕೇಳಿತು, "ಅಪ್ಪ, ಇದು ಓಡಿತಾ?"

ಉದ್ದಪ್ಪ ಮೀನನ್ನು ಕಾಲಡಿ ಒತ್ತಿ ಹಿಡಿದು ಹೇಳಿದ, "ಓಡಿತು ಮಗನೇ. ನನ್ನನ್ನೂ ಓಡಿಸಿತು. ಈಗ ತಿನ್ನು."

ನೀತಿ: ಸುಲಭವಾಗಿ ಸಿಕ್ಕ ತುತ್ತನ್ನು ಬಾಯಿಗಿಡುವ ಮೊದಲು ಅದು ಬೆಳೆದ ನೀರು ಎಂಥದ್ದೆಂದು ನೋಡು, ಕೆಟ್ಟ ನೀರಿನ ಮೀನು ತಿಂದವನ ಮೈಯಲ್ಲಿ ಆ ನೀರೇ ಬಂದು ಕೂರುತ್ತದೆ.