ಕೆಂಪು ಚೌಕದೊಳಗಿನ ಮಾತು

“ಬುದ್ಧೀ, ಇದ್ದದ್ದನ್ನು ಇದ್ದ ಹಾಗೆಯೇ ಇಟ್ಟುಕೊಂಡರೆ ಅದು ತಪ್ಪಾಗುತ್ತದೆಯೇ?”

ಕೇಳಿದವನು ಮರುಳಸಿದ್ಧ. ಮಠದ ಕಚೇರಿಯ ಕಂಪ್ಯೂಟರ್ ಕೆಲಸವೆಲ್ಲ ಅವನದು. ಜೊತೆಯ ಶಿಷ್ಯ ಕೊಟ್ರಯ್ಯ ಕೆಲವು ತಿಂಗಳ ಹಿಂದೆ ಅವನಿಗೊಂದು ಕೆಟ್ಟ ಮಾತು ಬರೆದು ಕಳಿಸಿದ್ದ. ಮರುಳಸಿದ್ಧ ಅದರ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದ. ಈಗ ಇಬ್ಬರೂ ಒಂದೇ ಕೋಣೆಯಲ್ಲಿದ್ದು ಓದಬೇಕೆಂದು ಗುರುಗಳ ಅಪ್ಪಣೆಯಾಗಿತ್ತು. ಅದು ಅವನಿಗೆ ಒಗ್ಗಲಿಲ್ಲ. ತಾನು ಚಾಡಿ ಹೇಳುತ್ತಿಲ್ಲ, ಒಂದಕ್ಷರವನ್ನೂ ಸೇರಿಸಿಲ್ಲ, ಬೇಕಾದರೆ ನೋಡಿ ಎಂದು ಫೋನನ್ನು ಮುಂದೆ ಹಿಡಿದ.

ಗುರುಗಳು ಅದನ್ನು ನೋಡಲಿಲ್ಲ. ಕೂತುಕೋ ಎಂದು ಹೇಳಿ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಇಬ್ಬರು ಗೆಳೆಯರು ಸೇರಿ ಲಗ್ನಪತ್ರಿಕೆಯ ಅಂಗಡಿ ಇಟ್ಟಿದ್ದರು. ಒಬ್ಬ ಅಂಗಡಿಯಲ್ಲಿ ಕೂತು ಗಿರಾಕಿಗಳನ್ನು ಮಾತಾಡಿಸುತ್ತಿದ್ದ. ಇನ್ನೊಬ್ಬ ತನ್ನ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಪತ್ರಿಕೆಗಳನ್ನು ಸಿದ್ಧಮಾಡುತ್ತಿದ್ದ. ಒಬ್ಬನನ್ನು ಅಂಗಡಿಯವನು ಎನ್ನೋಣ, ಇನ್ನೊಬ್ಬನನ್ನು ಕಂಪ್ಯೂಟರಿನವನು ಎನ್ನೋಣ. ಹೆಸರು ಹೇಳಿದರೆ ನೀನು ಕತೆ ಬಿಟ್ಟು ಅವರ ಮನೆ ಹುಡುಕಲು ಹೊರಡುತ್ತೀಯ.

ಕಂಪ್ಯೂಟರಿನವನ ಬಳಿ ಒಂದು ಸಣ್ಣ ಸಾಧನವಿತ್ತು. ಒಂದು ಕೀ ಒತ್ತಿದರೆ ಪರದೆಯ ಮೇಲಿದ್ದದ್ದೆಲ್ಲ ಚಿತ್ರವಾಗುತ್ತಿತ್ತು. ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸಬಹುದಿತ್ತು. ತಪ್ಪಿರುವ ಕಡೆ ಕೆಂಪು ಚೌಕ ಎಳೆಯಬಹುದಿತ್ತು, ಬಾಣ ಹಾಕಬಹುದಿತ್ತು. ಮತ್ತೊಮ್ಮೆ ಒತ್ತಿದರೆ ಅದು ಬೇಕಾದವರಿಗೆ ಹೋಗುತ್ತಿತ್ತು. ಒಳ್ಳೆಯ ಸಾಧನವೇ. ಕರಡನ್ನು ಗಿರಾಕಿಗೆ ತೋರಿಸಲು ಅದಿಲ್ಲದೆ ಆಗುತ್ತಿರಲಿಲ್ಲ. ಜೊತೆಗೆ ಗಿರಾಕಿಗಳು ಇವತ್ತು ಬರೆದು ಕಳಿಸಿದ್ದನ್ನು ನಾಳೆ ನಾನು ಹಾಗೆ ಹೇಳಿಯೇ ಇಲ್ಲ ಎನ್ನುವ ಜನ. ಆದ್ದರಿಂದ ಯಾರ ಸಂದೇಶ ಬಂದರೂ ಮೊದಲು ಚಿತ್ರ ತೆಗೆದು ಆಮೇಲೆ ಓದುವುದು ಅವನಿಗೆ ರೂಢಿಯಾಗಿತ್ತು.

ಒಮ್ಮೆ ಒಂದು ಪತ್ರಿಕೆಯಲ್ಲಿ ವರನ ಅಜ್ಜನ ಹೆಸರಿನ ಹಿಂದೆ ದಿವಂಗತ ಎಂದು ಅಚ್ಚಾಯಿತು. ಅಜ್ಜ ಬದುಕಿದ್ದರು. ಕೋಲೂರಿಕೊಂಡು ಅವರೇ ಅಂಗಡಿಗೆ ಬಂದರು. ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ ಅಂಗಡಿಯವನನ್ನು ಬಾಯಿಗೆ ಬಂದಂತೆ ಬೈದರು. ತಪ್ಪು ಕಂಪ್ಯೂಟರಿನವನದು. ಆದರೆ ಅಂಗಡಿಯವನು ಅವನ ಹೆಸರೆತ್ತಲಿಲ್ಲ. ತಪ್ಪು ನನ್ನದೇ ಎಂದು ಹೇಳಿದ್ದೇನೆ, ಬೇಗ ಸರಿಮಾಡಿ ಕಳಿಸು ಎಂದು ಗೆಳೆಯನಿಗೆ ಸಂದೇಶ ಬರೆದ.

ಕಂಪ್ಯೂಟರಿನವನು ಊಟ ಮುಗಿಸಿ ಮಲಗಿದ್ದ. ಅಜ್ಜನ ಬೈಗುಳ ನಿಲ್ಲಲಿಲ್ಲ. ಅಂಗಡಿಯವನಿಗೂ ತಲೆ ಕೆಟ್ಟಿತು. ನಾನಿಲ್ಲದಿದ್ದರೆ ನಿನಗೆ ಒಂದು ಹೊತ್ತಿನ ಅನ್ನಕ್ಕೂ ಗತಿ ಇರುತ್ತಿರಲಿಲ್ಲ, ಇನ್ನು ಮುಖ ತೋರಿಸಬೇಡ ಎಂದು ಬರೆದುಬಿಟ್ಟ.

ಕಂಪ್ಯೂಟರಿನವನು ಎದ್ದು ಬಂದ. ರೂಢಿಯಂತೆ ಮೊದಲು ಕೀ ಒತ್ತಿದ, ಆಮೇಲೆ ಓದಿದ. ಅನ್ನದ ಮಾತು ಎದೆಗೆ ಚುಚ್ಚಿತು. ಅದು ಚುಚ್ಚುವ ಮಾತೇ, ಇಲ್ಲ ಎನ್ನುವುದಿಲ್ಲ. ಅವನು ಮೇಲಿನ ಸಂದೇಶವನ್ನು ಕತ್ತರಿಸಿ ಕೆಳಗಿನದನ್ನಷ್ಟೇ ಉಳಿಸಿಕೊಂಡ. ಅದರ ಸುತ್ತ ಕೆಂಪು ಚೌಕ ಎಳೆದ. ಅವನು ಚೌಕ ಎಳೆಯುತ್ತಿರುವಾಗಲೇ ಅಂಗಡಿಯವನು ಆ ಮಾತನ್ನು ಅಳಿಸಿದ. ಸಿಟ್ಟಿನಲ್ಲಿ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ, ರಾತ್ರಿ ಊಟಕ್ಕೆ ಬಾ ಎಂದು ಮತ್ತೆ ಬರೆದ. ಕಂಪ್ಯೂಟರಿನವನು ಅದನ್ನೂ ಓದಿದ. ಈ ಸಲ ಅವನ ಬೆರಳು ಕೀಯ ಕಡೆಗೆ ಹೋಗಲಿಲ್ಲ. ಚಿತ್ರವನ್ನು ಊರಿನ ಮುದ್ರಕರ ಗುಂಪಿಗೆ ಹಾಕಿದ. ಆಮೇಲೆ ಗೆಳೆಯನ ಜೊತೆಗಿನ ಮಾತುಕತೆಯನ್ನೆಲ್ಲ ಒರೆಸಿಹಾಕಿದ.

ಪಾಲುದಾರಿಕೆ ಮುರಿಯಿತು. ಅಂಗಡಿಯವನು ಅವನ ಮನೆಗೆ ಬಂದು ಕ್ಷಮೆ ಕೇಳಿದ. ಹಬ್ಬಕ್ಕೆ ಹೋಳಿಗೆ ಕಳಿಸಿದ. ಕಂಪ್ಯೂಟರಿನವನ ಮನಸ್ಸೂ ಆಗಾಗ ಕರಗುತ್ತಿತ್ತು. ಕರಗಿದಾಗಲೆಲ್ಲ ಹೋಗಿ ಚಿತ್ರ ತೆರೆದು ನೋಡುತ್ತಿದ್ದ. ಸಿಟ್ಟು ಮೊದಲ ದಿನದಷ್ಟೇ ಬಿಸಿಯಾಗಿ ಏಳುತ್ತಿತ್ತು. ಬಿಟ್ಟಿದ್ದರೆ ಅದು ತಾನಾಗಿಯೇ ಆರುತ್ತಿತ್ತು.

ಕೆಲವು ವರ್ಷಗಳಾದವು. ಅಂಗಡಿಯವನ ಮಗಳಿಗೆ ಒಂದು ಸಂಬಂಧ ಬಂತು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಆ ಹುಡುಗಿ ಕಂಪ್ಯೂಟರಿನವನನ್ನು ಚಿಕ್ಕಪ್ಪ ಎಂದು ಕರೆಯುತ್ತ ಅವನ ಮನೆಯಲ್ಲೇ ಆಡಿ ಬೆಳೆದವಳು. ಹೆಣ್ಣು ತರುವ ಮೊದಲು ಮನೆತನ ವಿಚಾರಿಸುವುದು ವಾಡಿಕೆಯಲ್ಲವೇ, ಹುಡುಗನ ದೊಡ್ಡಪ್ಪ ವಿಚಾರಿಸುತ್ತ ನೇರ ಕಂಪ್ಯೂಟರಿನವನ ಮನೆಗೇ ಬಂದರು. ಕೂತವರೇ ತಮ್ಮ ಫೋನನ್ನು ಅವನ ಮುಂದೆ ಇಟ್ಟರು. ಅದರಲ್ಲಿ ಅದೇ ಚಿತ್ರ, ಅದೇ ಕೆಂಪು ಚೌಕ. ಯಾರಿಂದ ಯಾರಿಗೆ ಹೋಗಿ ಅವರಲ್ಲಿಗೆ ಬಂದಿತ್ತೋ.

“ಇದು ಹುಡುಗಿಯ ತಂದೆ ಬರೆದದ್ದೇನಾ?”

ಕಂಪ್ಯೂಟರಿನವನು ಫೋನನ್ನು ಹಿಂದಕ್ಕೆ ಸರಿಸಿದ. ಹುಡುಗಿಯ ಮುಖ ಕಣ್ಣ ಮುಂದೆ ಬಂತು.

“ಅವನೇ ಬರೆದದ್ದು. ಆದ್ರೆ ಇದರ ಮೇಲೆ ಇನ್ನೊಂದು ಮಾತಿತ್ತು. ನನ್ನ ತಪ್ಪನ್ನ ಅವನು ತನ್ನ ಮೇಲೆ ಹಾಕ್ಕೊಂಡಿದ್ದ. ಇದನ್ನೂ ಆಗಲೇ ಅಳಿಸಿ ನನ್ನನ್ನ ಊಟಕ್ಕೆ ಕರೆದ.”

ಹಾಗಾದರೆ ಅದನ್ನೂ ತೋರಿಸಿ ಎಂದು ದೊಡ್ಡಪ್ಪ ಕೇಳಿದರು. ಕಂಪ್ಯೂಟರಿನವನು ಎದ್ದು ಹೋಗಿ ಹುಡುಕಿದ. ಕತ್ತರಿಸಿದ ಚಿತ್ರವಿತ್ತು, ಪೂರ್ತಿ ಚಿತ್ರ ಇರಲಿಲ್ಲ. ಮಾತುಕತೆಯನ್ನು ಒರೆಸಿದವನು ಅವನೇ. ಬೈಗುಳಕ್ಕೆ ಸಾಕ್ಷಿಯಿತ್ತು, ಪ್ರೀತಿಗೆ ಅವನ ಬಾಯಿಮಾತಷ್ಟೇ ಇತ್ತು. ಅವನು ಆಣೆ ಮಾಡಿ ಹೇಳಿದ. ದೊಡ್ಡಪ್ಪ ತಮಗೆ ಕೊಟ್ಟಿದ್ದ ಕಾಫಿಯನ್ನು ಕುಡಿದು ಮುಗಿಸುವ ತನಕ ತಾಳ್ಮೆಯಿಂದ ಕೇಳಿಸಿಕೊಂಡರು.

“ನೀವು ದೊಡ್ಡ ಮನಸ್ಸಿನವರು. ಇಷ್ಟೆಲ್ಲ ಅನ್ನಿಸಿಕೊಂಡೂ ಅವರನ್ನ ಬಿಟ್ಟುಕೊಡ್ತಿಲ್ಲ. ಇಂಥವರಿಗೇ ಹೀಗೆ ಬರೆದವರು ನಾಳೆ ನಮ್ಮ ಹುಡುಗನಿಗೆ ಏನೇನು ಅಂತಾರೋ.”

ಹೀಗೆಂದು ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಆ ಸಂಬಂಧ ಮುರಿದುಬಿತ್ತು. ಕಾರಣವೇನೆಂದು ಹುಡುಗಿಗೆ ಯಾರೂ ಹೇಳಲಿಲ್ಲ. ಕಂಪ್ಯೂಟರಿನವನು ಅವತ್ತೇ ಚಿತ್ರವನ್ನು ಅಳಿಸಿದ. ಅವನಲ್ಲಿದ್ದದ್ದು ಅಳಿಯಿತು, ಅಷ್ಟೆ.

ಗುರುಗಳು ಕತೆ ನಿಲ್ಲಿಸಿದರು. ಹುಡುಗಿಯ ವಿಷಯ ಕೇಳಿ ಮರುಳಸಿದ್ಧನಿಗೆ ಬೇಸರವಾಗಿತ್ತು. ಆದರೂ ತನ್ನ ಪಟ್ಟು ಬಿಡಲು ಮನಸ್ಸಾಗಲಿಲ್ಲ. ಏನೇ ಆಗಲಿ, ಆ ಚಿತ್ರದಲ್ಲಿ ಸುಳ್ಳೇನೂ ಇರಲಿಲ್ಲವಲ್ಲ ಎಂದ.

ಇರಲಿಲ್ಲ ಎಂದು ಗುರುಗಳು ಒಪ್ಪಿಕೊಂಡರು. ಆಮೇಲೆ ಅವನ ಕೈಯಲ್ಲಿದ್ದ ಫೋನಿನ ಕಡೆ ನೋಡಿ ಕೇಳಿದರು.

“ನೀನು ಕತ್ತರಿಸಿದ್ದು ಕೊಟ್ರಯ್ಯನ ಯಾವ ಮಾತನ್ನು?”

ಮರುಳಸಿದ್ಧ ಫೋನನ್ನು ಮಗುಚಿ, ಚಿತ್ರ ಕಾಣದಂತೆ ಹಿಡಿದುಕೊಂಡ.