ಎರಡು ಸೌಟು ಪೊದಗಿಲು

"'ಗಿಲು' ಎಂದು ಮುಗಿಯುವ ಕನ್ನಡದ ಹಳೆಯ ಪದಗಳು ನೂರೆಂಟು. ಅಷ್ಟೂ ನನ್ನ ನಾಲಗೆಯ ತುದಿಯಲ್ಲಿವೆ. ನಿಮ್ಮ ಆಸ್ಥಾನ ಪಂಡಿತರಿಗೆ ಎಷ್ಟು ಗೊತ್ತೋ ಕೇಳಿ ನೋಡಿ" ಎಂದು ಮೀಸೆ ತಿರುವಿದ ಶಬ್ದಸಿಂಹ ಗೋವಿಂದಾರ್ಯ. ಎಲ್ಲಿಂದ ಬಂದನೋ ಪುಣ್ಯಾತ್ಮ, ಮಣಿಗೆರೆಯ ದೊರೆ ಮಾರರಸನ ಸಭೆಯಲ್ಲಿ ಇನ್ನೂ ಸರಿಯಾಗಿ ಕೂತೂ ಇರಲಿಲ್ಲ.

ಮಾರರಸನಿಗೋ ಪಂದ್ಯವೆಂದರೆ ಪ್ರಾಣ. ಹೆಚ್ಚು ಪದ ಹೇಳಿದವರಿಗೇ ಆಸ್ಥಾನ ಪಂಡಿತನ ಪೀಠ ಎಂದುಬಿಟ್ಟ. ನಲವತ್ತು ವರ್ಷದಿಂದ ಆ ಪೀಠದಲ್ಲಿ ಕೂತಿದ್ದ ನಾಗದೇವಯ್ಯನವರೇ ಮೊದಲು ಹೇಳಬೇಕಾಯಿತು.

"ಮುಗಿಲು, ಬಾಗಿಲು, ನೇಗಿಲು, ದಿಗಿಲು, ಮಿಗಿಲು" ಎಂದರು ಅವರು. ಬೆರಳು ಮಡಿಸಿದರು, ಬಿಚ್ಚಿದರು. ಐದಕ್ಕೇ ನಿಂತುಹೋಯಿತು.

ಗೋವಿಂದಾರ್ಯ ಆ ಐದನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೊರಟ. "ಕಿಮಗಿಲು, ಎಂದರೆ ಮುದಿ ಹೋತದ ಗಡ್ಡ. ತಡಗಿಲು, ಎಂದರೆ ಬಂದಂತೆ ಮಾಡಿ ಬಾರದೆ ಹೋಗುವ ಸೀನು." ಹೀಗೇ ನೂರೆಂಟು. ಯಾವ ಗ್ರಂಥದಲ್ಲಿದೆ ಸ್ವಾಮಿ ಎಂದರೆ, ಆ ಗ್ರಂಥವನ್ನು ಗೆದ್ದಲು ತಿಂದಿದೆ ಎನ್ನುತ್ತಿದ್ದ.

ದೊರೆಗೆ ಎಲೆಯಡಿಕೆ ಮಡಿಸಿಕೊಡುವ ಸಂಕಣ್ಣ ಮಾತ್ರ ಒಂದು ಸಂಗತಿ ಗಮನಿಸಿದ. ಮೊದಲ ಐದು ಪದಗಳಿಗೆ ಸುಮ್ಮನಿದ್ದ ಗೋವಿಂದಾರ್ಯನ ಕೈ, ಆರನೆಯದರಿಂದ ಪದಕ್ಕೊಮ್ಮೆ ಕಿವಿ ತುರಿಸುತ್ತಿತ್ತು. ಇವನು ನೆನಪಿಸಿಕೊಳ್ಳುತ್ತಿಲ್ಲ, ಕೂತಲ್ಲೇ ಹೊಸೆಯುತ್ತಿದ್ದಾನೆ ಎಂದುಕೊಂಡ ಸಂಕಣ್ಣ. ವೀಳ್ಯ ಕೊಡುವ ನೆಪದಲ್ಲಿ ದೊರೆಯ ಕಡೆ ಬಾಗಿ, "ಪ್ರಭು, ತೀರ್ಪನ್ನು ನಾಳೆಯ ಊಟದವರೆಗೆ ತಡೆಯಿರಿ" ಎಂದ. ದೊರೆ ತಲೆಯಾಡಿಸಿದ.

ಸಂಜೆ ಸಂಕಣ್ಣ ಹೋಗಿ ನೋಡಿದರೆ ನಾಗದೇವಯ್ಯನವರು ಓಲೆಗರಿಯ ಮೇಲೆ ಬಗ್ಗಿ ಬರೆಯುತ್ತಿದ್ದರು.

"ಏನು ಸ್ವಾಮಿ ಇದು?"

"ನೂರಮೂರು ಹೊಸ ಪದಗಳು ಕಣಯ್ಯ ಸಂಕಣ್ಣ. ಒಂದನ್ನೂ ಬಿಡದೆ ಅರ್ಥಸಮೇತ ಬರೆದಿದ್ದೇನೆ. ಪೀಠ ಹೋಗುತ್ತದೆಂದು ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಪದಗಳನ್ನು ಬಿಡಲಾಗುತ್ತದೆಯೇ?"

ಸಂಕಣ್ಣನಿಗೆ ಅಯ್ಯೋ ಅನ್ನಿಸಿತು, ನಗುವೂ ಬಂತು. ಪಟ್ಟಿಯನ್ನು ಒಮ್ಮೆ ಓದಿಸಿಕೊಂಡು ನೆಟ್ಟಗೆ ಅಡುಗೆಮನೆಗೆ ನಡೆದ.

ಮರುದಿನ ಅರಮನೆಯಲ್ಲಿ ಊಟ. ಗೋವಿಂದಾರ್ಯ ದೊರೆಯ ಪಕ್ಕದಲ್ಲೇ ಎಲೆಯ ಮುಂದೆ ಕೂತಿದ್ದ. ಸಂಕಣ್ಣ ಸೊಂಟಕ್ಕೆ ವಸ್ತ್ರ ಬಿಗಿದು ತಾನೇ ವಿಚಾರಿಸಲು ಬಂದ.

"ಸ್ವಾಮಿ, ತುಪ್ಪ ಬಡಿಸಲೋ, ಪೊದಗಿಲು ಬಡಿಸಲೋ?"

ಗೋವಿಂದಾರ್ಯ ಒಂದು ಗಳಿಗೆ ಕಣ್ಣು ಪಿಳುಕಿಸಿದ. ಹುಟ್ಟಿದಾಗಿನಿಂದ ಗೊತ್ತಿಲ್ಲ ಎಂದವನಲ್ಲ.

"ಪೊದಗಿಲೇ ಆಗಲಿ. ನಮ್ಮ ತಾತನ ಕಾಲದಿಂದಲೂ ನಮ್ಮ ಮನೆಯಲ್ಲಿ ಅದಿಲ್ಲದೆ ಊಟವಿಲ್ಲ."

"ಎಷ್ಟು ಬಡಿಸಲಿ?"

"ಧಾರಾಳವಾಗಿ ಎರಡು ಸೌಟು."

ಎರಡು ಸೌಟು ಕರೀ ಕೆಸರು ಎಲೆಯ ಮೇಲೆ ಬಿತ್ತು. ವಾಸನೆಗೆ ಇಡೀ ಪಂಕ್ತಿ ಮೂಗು ಮುಚ್ಚಿಕೊಂಡಿತು.

"ಇದೇನಯ್ಯ ಇದು, ಅನಾಚಾರ" ಎಂದು ಗೋವಿಂದಾರ್ಯ ಎದ್ದು ನಿಂತ.

"ತಾವು ಕೇಳಿದ್ದೇ ಸ್ವಾಮಿ. ನಾಗದೇವಯ್ಯನವರೆ, ಸ್ವಲ್ಪ ಓದಿ."

ನಾಗದೇವಯ್ಯನವರು ಓಲೆಯನ್ನು ಕಣ್ಣ ಹತ್ತಿರ ಹಿಡಿದರು. "ಎಪ್ಪತ್ತಮೂರನೆಯ ಪದ. ಪೊದಗಿಲು, ಎಂದರೆ ಎಮ್ಮೆ ಹೊರಳಿ ಎದ್ದ ಕೆಸರು. ನಿನ್ನೆ ಶಬ್ದಸಿಂಹರು ಸಭೆಯಲ್ಲಿ ಹೇಳಿದ್ದು."

ದೊರೆ ಗೋವಿಂದಾರ್ಯನನ್ನೇ ನೋಡಿದ. "ಪದ ನಿಜವಾದರೆ ಕೂತು ಊಟ ಮಾಡಿ. ತಾತನ ಕಾಲದಿಂದ ರೂಢಿ ಅಂದಿರಲ್ಲ."

ಗೋವಿಂದಾರ್ಯ ಕೆಸರನ್ನು ನೋಡಿದ, ದೊರೆಯನ್ನು ನೋಡಿದ, ಮತ್ತೆ ಕೆಸರನ್ನು ನೋಡಿದ. "ಕ್ಷಮಿಸಬೇಕು ಪ್ರಭು. ಐದರ ಮೇಲಿನವೆಲ್ಲ ನಾನೇ ಹುಟ್ಟಿಸಿದ್ದು" ಎಂದ, ಕಿವಿ ತುರಿಸದೆ.

"ಹಾಗಾದರೆ ನೂರಮೂರನ್ನೂ ಹೊಡೆದುಹಾಕಲೇ?" ಎಂದರು ನಾಗದೇವಯ್ಯ. ಪೀಠ ಉಳಿದದ್ದು ಅವರಿಗಿನ್ನೂ ಹೊಳೆದಿರಲಿಲ್ಲ.

ದೊರೆ ನಕ್ಕು ನಕ್ಕು ಉತ್ತರೀಯದಲ್ಲಿ ಕಣ್ಣೊರೆಸಿಕೊಂಡ. ಕೈಯ ಕಡಗ ಬಿಚ್ಚಿ ಸಂಕಣ್ಣನಿಗೆ ಕೊಟ್ಟು, "ಪಾಪ, ಶಬ್ದಸಿಂಹರಿಗೆ ಈಗ ಬರೀ ಐದೇ ಪದ ಉಳಿದವಲ್ಲಯ್ಯ" ಎಂದ.

"ಐದು ಯಾಕೆ ಪ್ರಭು, ಇವರಿಗೆ ಎರಡೇ ಸಾಕು" ಎಂದ ಸಂಕಣ್ಣ. "ದಿಗಿಲು ಮುಖದ ಮೇಲೇ ಇದೆ. ಬಾಗಿಲು ಅಗೋ, ಅಲ್ಲಿದೆ."