ಲೇಹ್ಯದ ಡಬ್ಬಿಗಳ ಹಿಂದಿನ ಗೋಡೆ

ಹೊಳೆದಂಡೆಯ ಆ ಆಶ್ರಮದಲ್ಲಿ ಕೆಮ್ಮಿನ ಲೇಹ್ಯ ಮಾಡುತ್ತಿದ್ದರು. ದುಡಿಯಲು ಬಂದವರನ್ನು ಯಾವ ಊರು ಅಂತ ಗುರುಗಳು ಕೇಳುತ್ತಿರಲಿಲ್ಲ. ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು.

ಗಂಡನ ಹೊಡೆತ ತಾಳದೆ ಓಡಿಬಂದಿದ್ದ ನೀಲಾಂಬಿಕಾ ಅಲ್ಲಿ ಡಬ್ಬಿ ತುಂಬುತ್ತಿದ್ದಳು.

ಶಿಷ್ಯ ನಾಗನಾಥ ಭಾಳ ಹುರುಪಿನವ. ಸಾಲಾಗಿ ಜೋಡಿಸಿದ ಡಬ್ಬಿಗಳ ಫೋಟೋ ತೆಗೆದು, ಆಶ್ರಮದ ಹೆಸರು ಬರೆದು, ಫೇಸ್‌ಬುಕ್ಕಿಗೆ ಹಾಕಿದ. ಸಂಜೆಯೊಳಗೆ ನಾನೂರು ಲೈಕು! ಹುಡುಗ ಹಿಗ್ಗಿಹೋದ.

ಮೂರನೇ ದಿನ ಬೆಳಿಗ್ಗೆ ಆರಕ್ಕೆ ಅಜ್ಜಾರು ಕೂಗಿದರು.

"ನಾಗನಾಥ, ನೀ ಕರೆದವ ಬಂದಾನ. ಬಂದು ಮಾತಾಡ್ಸು."

"ನಾ ಯಾರನ್ನೂ ಕರೆದಿಲ್ರೀ ಅಜ್ಜಾರ!"

ಬೀಗ ಹಾಕಿದ ಗೇಟಿನಾಚೆ ಒಬ್ಬ ಗಂಡಸು. ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಮೊಬೈಲು.

"ಎಲ್ಲಿ ಅದಾಳ ನನ್ನ ಹೇಂತಿ?"

ನಾಗನಾಥ ಗೇಟಿಗೆ ಅಡ್ಡ ನಿಂತ. "ಇಲ್ಲಿ ಯಾರೂ ಇಲ್ರೀ."

"ಸುಳ್ಳು ಹೇಳ್ತೀಯೇನಲೇ?"

ಅವನು ಮೊಬೈಲು ಮುಂದೆ ಹಿಡಿದ. ನಾಗನಾಥನದೇ ಫೋಟೋ! ಎರಡು ಬೆರಳಲ್ಲಿ ಅದನ್ನು ದೊಡ್ಡದು ಮಾಡಿದ. ಡಬ್ಬಿಗಳ ಹಿಂದಿನ ಗೋಡೆಯಲ್ಲಿ ಕೆಲಸದ ಪಾಳಿಯ ಹಲಗೆ. ಅದರ ಮೇಲೆ ಸೀಮೆಸುಣ್ಣದ ಅಕ್ಷರ:

ಬೆಳಿಗ್ಗೆ ಆರು ಗಂಟೆ. ನೀಲಾಂಬಿಕಾ. ಒಬ್ಬರೇ.

ಅಯ್ಯೋ ದೇವರೇ! ಆ ಹಲಗೆ ಬರೆದವನೂ ನಾಗನಾಥನೇ. ಗೇಟು ಹಿಡಿದುಕೊಂಡ.

ಗದ್ದಲ ಕೇಳಿ ಆಶ್ರಮದ ಮಂದಿಯೆಲ್ಲ ಬಂದು ನಿಂತರು. "ಮತ್ತ ಬರ್ತೀನಿ" ಅಂದು ಅವನು ಹೋದ.

ನಾಗನಾಥ ಲೇಹ್ಯದ ಮನೆಗೆ ಓಡಿದ. ಡಬ್ಬಿ ಅರ್ಧ ತುಂಬಿತ್ತು. ಸೌಟು ನೆಲದ ಮೇಲೆ ಬಿದ್ದಿತ್ತು. ತೆರೆದ ಹಿತ್ತಲ ಬಾಗಿಲಲ್ಲಿ ಅವಳ ಚಪ್ಪಲಿ ಹಾಗೇ ಇದ್ದವು.

ಅಜ್ಜಾರು ಹಿಂದೆಯೇ ಬಂದರು. "ಅವನನ್ನ ಕಂಡ ಕೂಡ್ಲೇ ಆಕೀನ ತೆಪ್ಪ ಹತ್ತಿಸಿ ಕಳಿಸೀನಿ."

"ನಾ ಯಾರ ಮುಖಾನೂ ತೆಗೆದಿದ್ದಿಲ್ರೀ. ಬರೇ ಡಬ್ಬಿ!" ನಾಗನಾಥ ಅಳುತ್ತಲೇ ಮೊಬೈಲು ಒತ್ತಿದ. "ನೋಡ್ರಿ, ಅಳಿಸಿಬಿಟ್ಟೆ. ಈಗ ಎಲ್ಲೂ ಇಲ್ಲ."

"ಅವನ ಮೊಬೈಲಿನಾಗೂ?"

ನಾಗನಾಥ ಮೊಬೈಲು ಕೆಳಗಿಟ್ಟ. ಅಜ್ಜಾರ ಕಾಲು ಹಿಡಿದ.

"ಅಕ್ಕಾರು ಎಲ್ಲಿ ಅದಾರ ಹೇಳ್ರಿ. ಹೋಗಿ ತಪ್ಪಾತು ಅಂತೀನಿ. ಈ ಚಪ್ಪಲಿ ಆದ್ರೂ ಕೊಟ್ಟು ಬರ್ತೀನಿ."

ಅಜ್ಜಾರು ಬಗ್ಗಿ ಚಪ್ಪಲಿಗಳನ್ನು ಎತ್ತಿ ಅವನ ಕೈಗಿಟ್ಟರು.

"ಇಟ್ಕೋ ತಮ್ಮಾ. ಎಲ್ಲಿಗೆ ಹೊಂಟಿ ಅಂತ ನನಗೂ ಹೇಳಬ್ಯಾಡವ್ವಾ ಅಂದು ಕಳಿಸೀನಿ."